ಸಿಹಿ ವೈನ್ ಅಂದ್ರೆ ಸಕ್ಕರೆ ನೀರಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ವೈನ್ ಬಗ್ಗೆ ಒಂದು ಪುಟ ಹಾಕಿದ್ರಿ, ಕನ್ನಡ ಪೇಪರಲ್ಲಿ ಈ ವಿಷಯ ಬರೋದೇ ಅಪರೂಪ ಅಂತ ಒಂದಕ್ಷರ ಬಿಡದೆ ಓದ್ದೆ, ಖುಷಿ ಆಯ್ತು. ಆದ್ರೆ ಅದ್ರಲ್ಲಿ ಸಿಹಿ ವೈನ್ ಬಗ್ಗೆ ಇದ್ದಿದ್ದು ಒಂದೇ ಸಾಲು, ಅದೂ ಏನಂದ್ರೆ ಹೊಸದಾಗಿ ಕುಡಿಯೋರು ಸಿಹಿಯಿಂದ ಶುರು ಮಾಡ್ತಾರೆ, ರುಚಿ ಹತ್ತಿದ ಮೇಲೆ ಡ್ರೈ, ಅಂದ್ರೆ ಸಿಹಿ ಇಲ್ದಿರೋ, ವೈನಿಗೆ ಹೋಗ್ತಾರೆ ಅನ್ನೋ ಅರ್ಥದ್ದು. ಈ ಮಾತು ಸರಿ ಅಲ್ಲ ಅಂತ ಹೇಳೋಕೇ ಈ ಪತ್ರ. ಊಟ ಆದ್ಮೇಲೆ ಕುಡಿಯೋ ಡೆಸರ್ಟ್ ವೈನ್‌ಗಳು ಜಗತ್ತಲ್ಲಿ ಮಾಡೋಕೆ ಅತಿ ಕಷ್ಟದ, ಅತಿ ಹೆಚ್ಚು ಕಾಲ ಬಾಳೋ ವೈನ್‌ಗಳ ಪೈಕಿ ಬರ್ತವೆ, ಅವನ್ನ ಕಲಿಯೋರ ವೈನ್ ಅಂತ ಪಕ್ಕಕ್ಕೆ ಸರಿಸಿದ್ರೆ ಓದೋರಿಗೇ ನಷ್ಟ.

ಈ ಅಭಿಪ್ರಾಯ ಎಲ್ಲಿಂದ ಬಂತು ಅಂತ ನಂಗೆ ಅರ್ಥ ಆಗುತ್ತೆ. ನಮ್ಮ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಬಹಳ ಜನ ಮೊದಲ ಸಲ ನೋಡೋ ವೈನು ಗೋವಾ ಟ್ರಿಪ್ ಮುಗಿಸಿ ಬರೋರ ಬ್ಯಾಗಲ್ಲಿ ಬರೋ ಅಗ್ಗದ ಪೋರ್ಟ್ ವೈನು, ಇಲ್ಲಾ ಮಡಿಕೇರಿ ಅಂಗಡಿಗಳಲ್ಲಿ ಸಿಗೋ ಹಣ್ಣಿನ ಹೋಂಮೇಡ್ ವೈನು. ಎರಡೂ ಸಿಹಿ. ಹಣ್ಣಿನ ವೈನಿಗೆ ಸಕ್ಕರೆ ಹಾಕೇ ಹಾಕ್ತಾರೆ, ಅದಕ್ಕೆ ಅದರದ್ದೇ ಪ್ರೀತಿ ಇದೆ, ಮನೆ ಮಂದಿ ಕೂತು ಮಾಡೋ ಕೆಲಸ ಅದು, ಅದನ್ನ ನಾನು ಬೈಯೋಕೆ ಹೋಗಲ್ಲ. ಆದ್ರೆ ಅಷ್ಟನ್ನೇ ಕುಡಿದೋರಿಗೆ ಸಿಹಿ ವೈನ್ ಅಂದ್ರೆ ಸಕ್ಕರೆ ಬೆರೆಸಿದ ವೈನ್ ಅಂತ ಮನಸಲ್ಲಿ ಕೂತ್ಬಿಡುತ್ತೆ.

ನಿಜವಾದ ಪೋರ್ಟ್ ಬರೋದು ಪೋರ್ಚುಗಲ್‌ನ ಡೋರೋ ನದಿ ಕಣಿವೆಯಿಂದ, ಅಲ್ಲಿ ಯಾವ ಜಾಗದ ದ್ರಾಕ್ಷಿಗೆ ಆ ಹೆಸರು ಸಲ್ಲಬೇಕು ಅಂತ ಗಡಿ ಹಾಕಿದ್ದು 1756ರಲ್ಲಿ, ಯುರೋಪಲ್ಲಿ ಇವತ್ತಿಗೂ ಬೇರೆ ಯಾರೂ ಆ ಹೆಸರು ಬಳಸೋ ಹಾಗಿಲ್ಲ. ದ್ರಾಕ್ಷಿ ರಸದಲ್ಲಿರೋ ಸಕ್ಕರೆನ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ, ಪೂರ್ತಿ ತಿಂದು ಮುಗಿಸಿದ್ರೆ ಅದು ಡ್ರೈ ವೈನು. ಪೋರ್ಟ್ ಮಾಡೋರು ಏನ್ಮಾಡ್ತಾರೆ ಅಂದ್ರೆ ಸುಮಾರು ಅರ್ಧ ಸಕ್ಕರೆ ಉಳಿದಿರೋವಾಗಲೇ ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ 77 ಪರ್ಸೆಂಟ್ ಸ್ಪಿರಿಟ್ ಸುರೀತಾರೆ, ಯೀಸ್ಟ್ ಅಲ್ಲೇ ಸಾಯುತ್ತೆ, ಉಳಿದ ಸಿಹಿ ಹಾಗೇ ನಿಲ್ಲುತ್ತೆ. 435 ಲೀಟರ್ ರಸಕ್ಕೆ 115 ಲೀಟರ್ ಸ್ಪಿರಿಟ್ ಅನ್ನೋದು ಹಳೇ ಲೆಕ್ಕ, ಒಟ್ಟು 550 ಲೀಟರಿನ ಒಂದು ಪೀಪಾಯಿ. ಕೊನೆಗೆ ಅದ್ರಲ್ಲಿ ಆಲ್ಕೋಹಾಲ್ 20 ಪರ್ಸೆಂಟ್ ಹತ್ರ ಇರುತ್ತೆ. ಆ ಸಿಹಿ ಪೂರ್ತಿ ದ್ರಾಕ್ಷಿದೇ, ಹೊರಗಿಂದ ಚಮಚ ಸಕ್ಕರೆನೂ ಬಂದಿಲ್ಲ. ಹತ್ತು, ಇಪ್ಪತ್ತು, ಮೂವತ್ತು ವರ್ಷ ಮರದ ಪೀಪಾಯಿಯಲ್ಲಿ ಕೂತ ಟಾನಿ ಪೋರ್ಟ್‌ಗೆ ಕೆಂಪು ಬಣ್ಣ ಹೋಗಿ ಜೋನಿಬೆಲ್ಲದ ಬಣ್ಣ ಬಂದಿರುತ್ತೆ, ವಾಸನೇಲಿ ಹುರಿದ ಬಾದಾಮಿ, ಕಿತ್ತಳೆ ಸಿಪ್ಪೆ, ಒಣಅಂಜೂರ ಎಲ್ಲಾ ಸಿಗುತ್ತೆ.

ಪೋರ್ಟ್‌ಗಿಂತ ನಮ್ಮ ಮಲೆನಾಡಿನೋರಿಗೆ ಹತ್ರದ ಕತೆ ಇನ್ನೊಂದಿದೆ, ನನ್ನ ಮಟ್ಟಿಗೆ ಡೆಸರ್ಟ್ ವೈನ್ ಬಗ್ಗೆ ತಿಳ್ಕೊಳ್ಳೋಕೆ ಅದೇ ಸರಿಯಾದ ಬಾಗಿಲು.

ಅಡಿಕೆ ತೋಟ ಇರೋ ಪ್ರತಿ ಮನೇಲೂ ಬೋರ್ಡೋ ಅನ್ನೋ ಹೆಸರು ಗೊತ್ತು. ಮಳೆಗಾಲ ಶುರುವಾಗೋ ಹೊತ್ತಿಗೆ ಮೈಲುತುತ್ತ ಸುಣ್ಣ ತಂದು, ನೂರು ಲೀಟರ್ ನೀರಿಗೆ ಒಂದೊಂದು ಕೆಜಿ ಲೆಕ್ಕದಲ್ಲಿ ಕಲೆಸಿ, ಕೊಳೆರೋಗ ಬರದ ಹಾಗೆ ಗೊನೆಗೆ ಔಷಧಿ ಹೊಡೆಸ್ತೀವಿ, ಮಳೆ ಬಿಡುವು ಕೊಡೋದನ್ನೇ ಕಾಯ್ತಾ, ಮರ ಹತ್ತೋರು ಸಿಗ್ತಾರೋ ಇಲ್ವೋ ಅಂತ ಫೋನ್ ಮಾಡ್ತಾ. ಆ ಬೋರ್ಡೋ ಅಂದ್ರೆ ಫ್ರಾನ್ಸ್‌ನ ಬೋರ್ಡೋ, ವೈನಿಗೆ ಹೆಸರಾದ ಊರು. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿ ತೋಟಗಳಿಗೆ ಬೂಷ್ಟು ರೋಗ ಬಿದ್ದಿತ್ತು. ರಸ್ತೆ ಪಕ್ಕದ ಬಳ್ಳಿಗಳ ಹಣ್ಣು ಯಾರೂ ಕದಿಯದಿರಲಿ ಅಂತ ತೋಟದೋರು ಮೈಲುತುತ್ತ ಸುಣ್ಣ ಕಲೆಸಿ ಎರಚಿರ್ತಿದ್ರು, ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದನ್ನ ಬೋರ್ಡೋ ಯೂನಿವರ್ಸಿಟಿಯ ಪ್ರೊಫೆಸರ್ ಮಿಲಾರ್ಡೆ ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಬರೆದ್ರು. ಅಲ್ಲಿಂದ ಇಪ್ಪತ್ತೈದು ವರ್ಷದೊಳಗೆ, ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಆಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಸಂಶೋಧನೆ ಮಾಡಿ ಅದೇ ದ್ರಾವಣನ ನಮ್ಮ ತೋಟಗಳಿಗೆ ತಂದ್ರು. ಅಂದ್ರೆ ಬೋರ್ಡೋಗೂ ಮಲೆನಾಡಿಗೂ ನೂರು ವರ್ಷ ದಾಟಿದ ನೆಂಟಸ್ತಿಕೆ ಇದೆ.

ಈಗ ವಿಷಯಕ್ಕೆ ಬರ್ತೀನಿ. ಅದೇ ಬೋರ್ಡೋದಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ ಸೋಟರ್ನ್ ಅಂತ ಒಂದು ಪ್ರದೇಶ, ಅಲ್ಲಿ ಇನ್ನೊಂದು ಬೂಷ್ಟನ್ನ ಬರಲಿ ಬರಲಿ ಅಂತ ಕಾಯ್ತಾರೆ. ಅದರ ಹೆಸರು ಬೋಟ್ರೈಟಿಸ್. ಸಿರೋನ್ ಅನ್ನೋ ತಣ್ಣಗಿನ ಹೊಳೆ ಬಂದು ಸ್ವಲ್ಪ ಬೆಚ್ಚಗಿರೋ ಗರೋನ್ ನದಿಗೆ ಸೇರೋ ಜಾಗ ಅದು, ಸೆಪ್ಟೆಂಬರ್ ಅಕ್ಟೋಬರಲ್ಲಿ ಬೆಳಗ್ಗೆ ಎದ್ರೆ ತೋಟದ ತುಂಬಾ ಮಂಜು. ಆ ತೇವಕ್ಕೆ ಬೂಷ್ಟು ಹಣ್ಣಿನ ಸಿಪ್ಪೆ ಮೇಲೆ ಕೂತು ಸೂಕ್ಷ್ಮ ತೂತು ಕೊರೆಯುತ್ತೆ. ಮಧ್ಯಾಹ್ನ ಬಿಸಿಲು ಬಂದು ಮಂಜು ಕರಗಿ ಹಣ್ಣು ಒಣಗುತ್ತೆ, ತೂತಿನಿಂದ ಒಳಗಿನ ನೀರು ಆವಿ ಆಗಿ ಹೋಗುತ್ತೆ, ಸಕ್ಕರೆ ಹುಳಿ ಎರಡೂ ಒಳಗೇ ಗಟ್ಟಿ ಆಗ್ತಾ ಬರುತ್ತೆ. ಕೊನೆಗೆ ಉಳಿಯೋದು ಸುಕ್ಕುಗಟ್ಟಿ, ಕಂದುಬಣ್ಣಕ್ಕೆ ತಿರುಗಿ, ಮೇಲೆ ಬೂದಿ ಉದುರಿದ ಹಾಗೆ ಕಾಣೋ ಹಣ್ಣು. ನೋಡಿದ್ರೆ ಯಾರೂ ಬಾಯಿಗೆ ಹಾಕಲ್ಲ. ಅದನ್ನ ಹಿಂಡಿದ್ರೆ ಜೇನಿನ ಹಾಗಿರೋ ರಸ.

ಇಲ್ಲಿ ಬೆಳಗಿನ ಮಂಜು ಎಷ್ಟು ಮುಖ್ಯನೋ ಮಧ್ಯಾಹ್ನದ ಬಿಸಿಲೂ ಅಷ್ಟೇ ಮುಖ್ಯ. ಬಿಸಿಲು ಬರದೆ ಮಳೆ ಹಿಡ್ಕೊಂಡ್ರೆ ಅದೇ ಬೋಟ್ರೈಟಿಸ್ ಇಡೀ ಗೊಂಚಲನ್ನ ಕೊಳೆಸಿ ಹಾಕುತ್ತೆ, ಆ ವರ್ಷದ ಬೆಳೆ ಮುಗೀತು. ಆಗುಂಬೆಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಹುಯ್ಯುತ್ತೆ, ನಮಗೆ ಮಂಜಿಗೇನೂ ಬರ ಇಲ್ಲ, ಆದ್ರೆ ಆ ಬಿಸಿಲಿಲ್ಲ, ಹಾಗಾಗಿ ಈ ವೈನ್ ಇಲ್ಲಿ ಆಗೋ ಮಾತಲ್ಲ. ಆದ್ರೂ ಮಳೆ ನಿಲ್ಲುತ್ತಾ, ರೋಗ ಎಲ್ಲಿವರೆಗೆ ಬಂತು, ಇವತ್ತು ಕೀಳೋದಾ ನಾಳೆ ಕೀಳೋದಾ ಅಂತ ಆಕಾಶ ನೋಡೋ ಅಲ್ಲಿನ ರೈತನ ಹೊಟ್ಟೆಯೊಳಗಿನ ಸಂಕಟ ನಮ್ಮ ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾ.

ಬೂಷ್ಟು ಎಲ್ಲಾ ಹಣ್ಣಿಗೂ ಒಂದೇ ಸಲ ಬರಲ್ಲ, ಅದಕ್ಕೆ ಕೊಯ್ಲೂ ಒಂದೇ ಸಲ ಮುಗಿಯಲ್ಲ. ಆಳುಗಳು ಅದೇ ತೋಟಕ್ಕೆ ವಾರಗಟ್ಟಲೆ ಮತ್ತೆ ಮತ್ತೆ ಹೋಗಿ, ಸರಿಯಾಗಿ ಸುಕ್ಕಾದ ಹಣ್ಣು ಮಾತ್ರ ಆರಿಸಿ ಕತ್ತರಿಸ್ತಾರೆ, ಕೆಲವು ಕಡೆ ಗೊಂಚಲು ಬಿಟ್ಟು ಒಂದೊಂದೇ ಹಣ್ಣು. ಅಲ್ಲಿನ ಅತಿ ದೊಡ್ಡ ಹೆಸರು ಶಾತೋ ಡಿಕೆಮ್ ಅನ್ನೋ ವೈನ್ ತೋಟ. 1855ರಲ್ಲಿ ಬೋರ್ಡೋ ವೈನ್‌ಗಳಿಗೆ ದರ್ಜೆ ಕೊಟ್ಟಾಗ ಸಿಹಿ ವೈನ್‌ಗಳ ಪೈಕಿ ಎಲ್ಲಕ್ಕಿಂತ ಮೇಲೆ ಒಂದು ದರ್ಜೆ ಮಾಡಿ ಇದೊಂದನ್ನೇ ಅಲ್ಲಿ ಕೂರಿಸಿದ್ರು. ಅಲ್ಲಿ ಒಂದು ಬಳ್ಳಿಯಿಂದ ಸಿಗೋದು ಒಂದು ಗ್ಲಾಸ್ ವೈನು ಅಂತ ಹೇಳ್ತಾರೆ, ಬೇರೆ ಕಡೆ ಒಂದು ಬಳ್ಳಿಲಿ ಒಂದು ಬಾಟ್ಲಿ ಆರಾಮಾಗಿ ಬರುತ್ತೆ. ಹಣ್ಣು ಸರಿ ಬರಲಿಲ್ಲ ಅಂತ 1992ರಲ್ಲಿ, ಆಮೇಲೆ 2012ರಲ್ಲಿ ಆ ಹೆಸರಲ್ಲಿ ಒಂದು ಬಾಟ್ಲಿನೂ ಹೊರಗೆ ಬಿಡಲಿಲ್ಲ, ಇಡೀ ವರ್ಷದ ಆದಾಯ ಬಿಟ್ಟು ಕೂತ್ರು. 1811ರ ಒಂದು ಬಾಟ್ಲಿ ಇನ್ನೂರು ವರ್ಷ ಆದ್ಮೇಲೆ 2011ರಲ್ಲಿ 75,000 ಪೌಂಡ್‌ಗೆ ಮಾರಾಟ ಆಯ್ತು. ಇದು ಕಲಿಯೋರ ವೈನಾ? ದಯವಿಟ್ಟು ಯೋಚನೆ ಮಾಡಿ.

ಬೂಷ್ಟಿನ ದಾರಿ ಬೋರ್ಡೋದು ಮಾತ್ರ ಅಲ್ಲ. ಹಂಗೇರಿಯ ಟೋಕೈ ಇನ್ನೂ ಹಳೇದು, ಅಲ್ಲಿ ಫುರ್ಮಿಂಟ್ ಅನ್ನೋ ತಳಿ, ದ್ರಾಕ್ಷಿ ತೋಟದ ಪ್ರದೇಶಕ್ಕೆ ರಾಜಾಜ್ಞೆಯಲ್ಲಿ ಗಡಿ ಹಾಕಿದ್ದು 1737ರಲ್ಲಿ, ಪೋರ್ಟ್‌ಗಿಂತಲೂ ಮೊದಲು. ಒಣಗಿದ ಹಣ್ಣನ್ನ ಆರಿಸಿ ಇಟ್ಟು, ಅದನ್ನ ರಸದಲ್ಲೋ ವೈನಲ್ಲೋ ನೆನೆಸಿ ಮಾಡೋದು. ಆ ಹಣ್ಣಿನ ರಾಶಿ ತನ್ನ ಭಾರಕ್ಕೇ ತಾನೇ ತೊಟ್ಟಿಕ್ಕಿ ಬರೋ ರಸ ಇರುತ್ತಲ್ಲ, ಅದನ್ನ ಬೇರೆಯಾಗಿ ಹಿಡಿದು ಎಸೆನ್ಸಿಯಾ ಅಂತ ಮಾಡ್ತಾರೆ, ಲೀಟರಿಗೆ 450 ಗ್ರಾಂ ಮೇಲೆ ಸಕ್ಕರೆ, ಯೀಸ್ಟೂ ಅದ್ರೊಳಗೆ ಏದುಸಿರು ಬಿಡುತ್ತೆ, ವರ್ಷಗಟ್ಟಲೆ ಹುದುಗಿದ್ರೂ ಆಲ್ಕೋಹಾಲ್ ಐದು ಪರ್ಸೆಂಟ್ ದಾಟೋದು ಕಷ್ಟ. ಅದನ್ನ ಗ್ಲಾಸಲ್ಲಿ ಕೊಡಲ್ಲ, ಚಮಚದಲ್ಲಿ ಕೊಡೋದು ಅಲ್ಲಿನ ರೂಢಿ.

ಜರ್ಮನಿ, ಕೆನಡಾದಲ್ಲಿ ಚಳಿನೇ ಈ ಕೆಲಸ ಮಾಡುತ್ತೆ. ಹಣ್ಣನ್ನ ಡಿಸೆಂಬರ್ ಜನವರಿವರೆಗೆ ಬಳ್ಳಿಲೇ ಬಿಟ್ಟು, ಮೈನಸ್ ಏಳೆಂಟು ಡಿಗ್ರಿಗೆ ಇಳಿದ ರಾತ್ರಿ ಹೋಗಿ ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಹಣ್ಣು ಕಿತ್ತು ಆಗಲೇ ಹಿಂಡ್ತಾರೆ, ನೀರು ಮಂಜುಗಡ್ಡೆ ಆಗಿ ಹಿಂದೆ ಉಳಿಯುತ್ತೆ, ಸಿಹಿ ರಸ ಮಾತ್ರ ಇಳಿಯುತ್ತೆ. ಇದೇ ಐಸ್ ವೈನು. ಹವಾಮಾನ ಬಿಸಿಯಾಗ್ತಿರೋದ್ರಿಂದ ಇದಕ್ಕೆ ಕುತ್ತು ಬಂದಿದೆ, ಜರ್ಮನಿಲಿ 2019ರ ಬೆಳೆಗೆ ಚಳಿ ಸಾಕಷ್ಟು ಬೀಳದೆ ಐಸ್ ವೈನ್ ಹೆಚ್ಚುಕಮ್ಮಿ ಪೂರ್ತಿ ಕೈಕೊಡ್ತು. ಇಟಲಿಯ ಟಸ್ಕನಿಲಿ ಗೊಂಚಲನ್ನ ಅಟ್ಟದಲ್ಲಿ ತೂಗುಹಾಕಿ ಇಲ್ಲಾ ಚಾಪೆ ಮೇಲೆ ಹರಡಿ ಒಣಗಿಸಿ ವಿನ್ ಸ್ಯಾಂಟೋ ಮಾಡ್ತಾರೆ, ಸ್ಪೇನಿನ ದಕ್ಷಿಣದಲ್ಲಿ ಬಿಸಿಲಿಗೆ ಹಾಕಿ ಒಣಗಿಸಿದ ಪೆಡ್ರೋ ಹಿಮೆನೆಸ್ ದ್ರಾಕ್ಷಿಯಿಂದ ಆಗೋ ವೈನು ಕಪ್ಪಗೆ ಮಂದಕ್ಕೆ ಕಾಕಂಬಿ ತರ ಇರುತ್ತೆ.

ಅಡ್ಡದಾರಿ ಹಿಡಿದೋರೂ ಇದ್ದಾರೆ, ಅದನ್ನೂ ಹೇಳ್ಬೇಕು. 1985ರಲ್ಲಿ ಆಸ್ಟ್ರಿಯಾದ ಕೆಲವು ವ್ಯಾಪಾರಿಗಳು ಸಾಧಾರಣ ವೈನ್‌ಗೆ ಡೈಇಥಿಲೀನ್ ಗ್ಲೈಕಾಲ್ ಅನ್ನೋ ವಿಷ ಬೆರೆಸಿ ಮಂದವಾದ ದುಬಾರಿ ಸಿಹಿ ವೈನ್ ಅನ್ನೋ ಹಾಗೆ ಮಾರಿ ಸಿಕ್ಕಿಬಿದ್ರು, ದೇಶದ ಇಡೀ ವೈನ್ ವ್ಯಾಪಾರ ನೆಲಕಚ್ಚಿತು. ಆಮೇಲೆ ಅಲ್ಲಿ ಬಂದ ಕಾನೂನು ಬಹಳ ಬಿಗಿ, ಇವತ್ತು ನೋಯ್ಸೀಡ್ಲ್ ಸರೋವರದ ದಂಡೆಯ ಬೂಷ್ಟು ವೈನ್‌ಗಳು ಜಗತ್ತಿನ ಒಳ್ಳೇ ಸಿಹಿ ವೈನ್‌ಗಳ ಸಾಲಲ್ಲಿವೆ.

ಇಷ್ಟೆಲ್ಲಾ ಸಕ್ಕರೆ ಇದ್ರೂ ಒಳ್ಳೇ ಡೆಸರ್ಟ್ ವೈನ್ ಬಾಯಿಗೆ ಅಂಟಲ್ಲ, ಇದನ್ನ ಕುಡಿದು ನೋಡದೋರು ನಂಬಲ್ಲ. ಕಾರಣ ಹುಳಿ. ಮಾವಿನಹಣ್ಣಲ್ಲಿ ಹುಳಿ ಇಲ್ದಿದ್ರೆ ಎರಡನೇ ಹೋಳಿಗೇ ಸಾಕಾಗುತ್ತೆ, ಹುಳಿ ಇದ್ರೆ ಗೊರಟೆವರೆಗೂ ಚೀಪ್ತೀವಿ, ವೈನಲ್ಲೂ ಅದೇ. ಸೋಟರ್ನ್‌ನಲ್ಲಿ ಲೀಟರಿಗೆ 120ರಿಂದ 150 ಗ್ರಾಂ ಸಕ್ಕರೆ ಇರೋದು ಸಾಮಾನ್ಯ, ಕೋಲಾದಲ್ಲಿ ಇರೋದಕ್ಕಿಂತ ಜಾಸ್ತಿ, ಆದ್ರೂ ನುಂಗಿದ ಮೇಲೆ ನಾಲಿಗೆ ಬದಿಯಲ್ಲಿ ನೀರು ಬಂದು ಬಾಯಿ ತೊಳೆದ ಹಾಗೆ ಆಗುತ್ತೆ. ಅಗ್ಗದ ಸಿಹಿ ವೈನಲ್ಲಿ ಇಲ್ದಿರೋದು ಇದೇ, ಸಕ್ಕರೆ ಇರುತ್ತೆ, ಎದುರು ನಿಲ್ಲೋ ಹುಳಿ ಇರಲ್ಲ. ಅಂಗಡೀಲಿ ಯಾವುದೇ ಸಿಹಿ ವೈನ್ ತಂದ್ರೂ ನೀವು ನೋಡ್ಬೇಕಾದ್ದು ಸಿಹಿ ಎಷ್ಟಿದೆ ಅಂತಲ್ಲ, ಒಂದು ಗುಟುಕು ಆದ್ಮೇಲೆ ಇನ್ನೊಂದು ಗುಟುಕು ಬೇಕು ಅನ್ಸುತ್ತಾ ಅಂತ.

ಕುಡಿಯೋ ರೀತಿ ಬಗ್ಗೆ ಎರಡು ಮಾತು. ಇದು ಗ್ಲಾಸ್ ತುಂಬಾ ಹಾಕ್ಕೊಂಡು ಕುಡಿಯೋ ವಸ್ತುವೇ ಅಲ್ಲ, ಒಬ್ಬರಿಗೆ 60, 75 ಎಂಎಲ್ ಬಹಳ ಆಯ್ತು, ಅದನ್ನೇ ಅರ್ಧ ಗಂಟೆ ಇಟ್ಕೊಂಡು ಮಾತಾಡ್ತಾ ಕುಡೀಬೇಕು. 75 ಎಂಎಲ್ ಸೋಟರ್ನ್‌ನಲ್ಲಿ ಹತ್ತು ಗ್ರಾಂ ಹತ್ರ ಸಕ್ಕರೆ ಇರುತ್ತೆ, ಶುಗರ್ ಇರೋರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ, ಕುಡಿಯೋ ಅಭ್ಯಾಸ ಇಲ್ದಿರೋರು ಇದಕ್ಕೋಸ್ಕರ ಶುರು ಮಾಡೋದೂ ಬೇಡ. ತೆಳು ಬಣ್ಣದ ಸಿಹಿ ವೈನ್ ತಣ್ಣಗಿರಬೇಕು, ಹತ್ತು ಡಿಗ್ರಿ ಆಸುಪಾಸು, ಆದ್ರೆ ಫ್ರಿಜ್ಜಿಂದ ತೆಗೆದ ತಕ್ಷಣ ಕುಡಿದ್ರೆ ವಾಸನೆ ಪೂರ್ತಿ ಮುಚ್ಕೊಂಡಿರುತ್ತೆ, ಹತ್ತು ಹದಿನೈದು ನಿಮಿಷ ಹೊರಗಿಟ್ಟು ಆಮೇಲೆ ಮೂಗಿಗೆ ಹಿಡೀರಿ. ಜೇನು, ಏಪ್ರಿಕಾಟ್, ಶುಂಠಿ, ಕೇಸರಿ, ಒಂದೊಂದಾಗಿ ಬರ್ತವೆ. ಐಸ್ ಕ್ಯೂಬ್ ಹಾಕೋದು, ಸೋಡಾ ಬೆರೆಸೋದು ದಯವಿಟ್ಟು ಬೇಡ.

ಜೊತೆಗೆ ಏನು ತಿನ್ಬೇಕು ಅನ್ನೋದ್ರಲ್ಲಿ ಒಂದೇ ನಿಯಮ ನೆನಪಿಟ್ರೆ ಸಾಕು, ತಟ್ಟೆಲಿರೋ ಸಿಹಿಗಿಂತ ಗ್ಲಾಸಲ್ಲಿರೋದು ಹೆಚ್ಚು ಸಿಹಿ ಇರ್ಬೇಕು. ಇಲ್ಲಾಂದ್ರೆ ಎಷ್ಟು ದುಡ್ಡು ಕೊಟ್ಟ ವೈನಾದ್ರೂ ತೆಳ್ಳಗೆ, ಬರೀ ಹುಳಿಯಾಗಿ ಕಾಣುತ್ತೆ. ಅದಕ್ಕೆ ಪಾಕದಲ್ಲಿ ಮುಳುಗಿದ ಜಾಮೂನು ಜಿಲೇಬಿ ಜೊತೆ ಯಾವ ಸೋಟರ್ನೂ ನಿಲ್ಲಲ್ಲ. ನಮ್ಮ ಮಲೆನಾಡಿನ ತಿಂಡಿಗಳಲ್ಲಿ ನಂಗೆ ಬಹಳ ಹೊಂದುತ್ತೆ ಅನ್ಸಿದ್ದು ತೊಡೆದೇವು, ಕಾಗದದ ಹಾಗೆ ತೆಳು, ಸಿಹಿ ಹದವಾಗಿರುತ್ತೆ, ಅದ್ರ ಜೊತೆ ಟಾನಿ ಪೋರ್ಟ್, ಬೆಲ್ಲಕ್ಕೂ ಆ ಪೀಪಾಯಿ ವಾಸನೆಗೂ ಎಷ್ಟು ಚೆನ್ನಾಗಿ ಕೂಡುತ್ತೆ ಅಂದ್ರೆ ಒಂದಕ್ಕೊಂದು ಹುಡುಕ್ಕೊಂಡು ಬಂದಿವೆಯೇನೋ ಅನ್ಸುತ್ತೆ. ಕಾಯಿ ಹೋಳಿಗೆಗೂ ಅದೇ, ಹೋಳಿಗೆ ಸಣ್ಣ ತುಂಡು ಇರ್ಲಿ. ಹಲಸಿನ ಹಣ್ಣಿನ ಕಾಲದಲ್ಲಿ ಇಟಲಿಯ ಮೊಸ್ಕಾತೋ ಡಾಸ್ತಿ, ಆಲ್ಕೋಹಾಲ್ ಐದು ಪರ್ಸೆಂಟ್ ಸುಮಾರು, ಸಣ್ಣಗೆ ಗುಳ್ಳೆ ಏಳುತ್ತೆ, ಬಕ್ಕೆ ತೊಳೆ ಜೊತೆ ಬಹಳ ಚೆಂದ.

ಸಿಹಿಗಿಂತ ಉಪ್ಪು ಖಾರದ ಜೊತೆನೇ ಡೆಸರ್ಟ್ ವೈನ್ ಹೆಚ್ಚು ಬೆಳಗುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಫ್ರಾನ್ಸಲ್ಲಿ ಸೋಟರ್ನ್ ಜೊತೆ ರೋಕ್‌ಫೋರ್ ಅನ್ನೋ ಉಪ್ಪುಪ್ಪಾದ ನೀಲಿ ಬೂಷ್ಟಿನ ಚೀಸ್ ತಿಂತಾರೆ, ಇಂಗ್ಲೆಂಡಲ್ಲಿ ಪೋರ್ಟ್ ಜೊತೆ ಸ್ಟಿಲ್ಟನ್. ಆ ಚೀಸ್ ಎಲ್ಲಾ ನಮ್ಮೂರಲ್ಲಿ ಎಲ್ಲಿ ಸಿಗ್ಬೇಕು, ಬೇಕೂ ಇಲ್ಲ. ಉಪ್ಪು ಹಾಕಿ ಹುರಿದ ಗೇರುಬೀಜ, ಹಲಸಿನಕಾಯಿ ಹಪ್ಪಳ, ಮಳೆಗಾಲದ ಸಂಜೆ ಮೆಣಸಿನಪುಡಿ ಉದುರಿಸಿದ ಬಾಳೆಕಾಯಿ ಚಿಪ್ಸು, ಇವುಗಳ ಪಕ್ಕ ತಣ್ಣನೆ ಲೇಟ್ ಹಾರ್ವೆಸ್ಟ್ ವೈನ್, ಅಂದ್ರೆ ತಡವಾಗಿ ಕಿತ್ತ ಹಣ್ಣಿನ ಸಿಹಿ ವೈನ್, ಇಟ್ಟು ನೋಡಿ. ಕಾಳುಮೆಣಸು ಜಾಸ್ತಿ ಹಾಕಿದ ಕೋಳಿ ಹುರಿದಿದ್ದರ ಜೊತೆಗೂ ಆಗುತ್ತೆ, ಖಾರನ ಸಿಹಿ ಸಮಾಧಾನ ಮಾಡುತ್ತೆ.

ಇದೆಲ್ಲಾ ವಿದೇಶದ್ದು, ಟ್ಯಾಕ್ಸ್ ಸೇರಿ ದುಬಾರಿ, ಶಿವಮೊಗ್ಗದಲ್ಲಿ ಸಿಗೋದೂ ಕಷ್ಟ, ಬೆಂಗಳೂರಿಂದ ತರಿಸ್ಬೇಕು, ಒಪ್ತೀನಿ. ಶುರು ಮಾಡೋಕೆ ನಾಸಿಕ್‌ನ ಸುಲಾ ಅವರ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ಇದೆ, ಹಣ್ಣನ್ನ ಬಳ್ಳಿಲೇ ಹೆಚ್ಚು ದಿನ ಬಿಟ್ಟು ಸಿಹಿ ಬರಿಸಿ ಮಾಡಿದ್ದು, ನಮ್ಮ ದೇಶದ್ದೇ. ನನ್ನ ಆಸೆ ಇನ್ನೂ ಮುಂದೆ ಹೋಗುತ್ತೆ. ನಮ್ಮ ರಾಜ್ಯದಲ್ಲಿ 2007ರಿಂದ ವೈನ್ ನೀತಿ ಇದೆ, ವೈನ್ ಬೋರ್ಡ್ ಇದೆ, ನಂದಿ ಬೆಟ್ಟದ ಸುತ್ತ ಒಳ್ಳೇ ವೈನ್ ಆಗ್ತಿದೆ. ವಿಜಯಪುರದ ಕಡೆ ರೈತರು ದ್ರಾಕ್ಷಿ ಒಣಗಿಸೋದ್ರಲ್ಲಿ ಪಳಗಿದ ಕೈ, ಅಲ್ಲಿನ ಶೆಡ್ಡುಗಳಲ್ಲಿ ಸಾಲು ಸಾಲಾಗಿ ಒಣದ್ರಾಕ್ಷಿ ಆಗುತ್ತೆ. ಟಸ್ಕನಿಯೋರು ಅಟ್ಟದಲ್ಲಿ ಮಾಡೋದೂ ಹೆಚ್ಚುಕಮ್ಮಿ ಅದೇ ಕೆಲಸ ತಾನೇ, ಅರ್ಧ ಒಣಗಿದಾಗ ಹಿಂಡೋದು ಒಂದು ವ್ಯತ್ಯಾಸ, ಸರಿಯಾದ ತಳಿ ಬೇಕು, ಹುಳಿ ಉಳಿಸ್ಕೊಳ್ಳೋ ಹಾಗೆ ಕೀಳ್ಬೇಕು. ಕರ್ನಾಟಕದ್ದೇ ಒಂದು ಒಣದ್ರಾಕ್ಷಿ ಡೆಸರ್ಟ್ ವೈನ್ ಯಾಕಾಗ್ಬಾರ್ದು? ವೈನ್ ಬೋರ್ಡ್‌ನೋರು ಇದನ್ನ ಓದ್ತಿದ್ರೆ ನಾಲ್ಕು ರೈತರ ಜೊತೆ ಸೇರಿ ಸಣ್ಣದಾಗಿ ಒಂದು ಪ್ರಯೋಗ ಮಾಡಿ ನೋಡ್ಲಿ ಅಂತ ಕೇಳ್ಕೊಳ್ತೀನಿ.

ವೈನ್ ಶಾಪಿನೋರಿಗೂ ಒಂದು ಮನವಿ ಇದೆ. ನಮ್ಮ ಕಡೆ ಕೆಲವು ಅಂಗಡೀಲಿ ವೈನ್ ಬಾಟ್ಲಿನ ಬಿಸಿಲು ಬೀಳೋ ಗಾಜಿನ ಶೋಕೇಸಲ್ಲಿ ಟ್ಯೂಬ್‌ಲೈಟ್ ಕೆಳಗೆ ವರ್ಷಗಟ್ಟಲೆ ನಿಲ್ಲಿಸಿರ್ತಾರೆ, ಮಾರ್ಚ್ ಏಪ್ರಿಲ್ ಸೆಕೆಗೆ ಅದು ಒಳಗೇ ಬೆಂದು ಹೋಗಿರುತ್ತೆ, ಅದನ್ನ ದುಡ್ಡು ಕೊಟ್ಟು ತಗೊಂಡೋನು ಸಿಹಿ ವೈನೇ ಕೆಟ್ಟದ್ದು ಅಂತ ತೀರ್ಮಾನ ಮಾಡ್ತಾನೆ. ಕತ್ತಲಲ್ಲಿ, ತಂಪಲ್ಲಿ, ಕಾರ್ಕ್ ಇರೋದನ್ನ ಮಲಗಿಸಿ ಇಡಿ. ಇನ್ನೊಂದು, ಡೆಸರ್ಟ್ ವೈನ್ ಹೊರಗೆಲ್ಲಾ 375 ಎಂಎಲ್ ಅರ್ಧ ಬಾಟ್ಲಿಲಿ ಮಾರೋದು ರೂಢಿ, ಸಣ್ಣ ಸಣ್ಣ ಗುಟುಕಿನ ವೈನಿಗೆ ಅದೇ ಸರಿ, ಐದಾರು ಜನಕ್ಕೆ ಸಾಕು, ಜೇಬಿಗೂ ಹಗುರ. ಅಂಥ ಬಾಟ್ಲಿ ತರಿಸಿ ಇಡಿ, ನಮ್ಮಂಥೋರು ತಗೊಳ್ತೀವಿ. ತೆರೆದಿದ್ದು ಉಳಿದ್ರೆ ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್ಜಲ್ಲಿಡಿ, ಸೋಟರ್ನ್ ತರದ್ದು ಒಂದು ವಾರ ಚೆನ್ನಾಗಿರುತ್ತೆ, ಟಾನಿ ಪೋರ್ಟ್ ತಿಂಗಳ ಹತ್ರ, ಮೊದಲೇ ಬಿಸಿಯಲ್ಲಿ ಹದಗೊಂಡಿರೋ, ಪೋರ್ಚುಗಲ್‌ನ ಮದೀರಾ ದ್ವೀಪದ ವೈನಾದ್ರೆ ತಿಂಗಳುಗಟ್ಟಲೆ.

ಸಂಪಾದಕರೇ, ನೀವು ಆ ಪುಟನ ಮುಂದುವರಿಸೋದಾದ್ರೆ ಮುಂದಿನ ಸಲ ಅರ್ಧ ಪುಟನಾದ್ರೂ ಡೆಸರ್ಟ್ ವೈನಿಗೆ ಕೊಡಿ, ಸೋಟರ್ನ್ ಬಗ್ಗೆ ಬರೆಯೋವಾಗ ಬೋರ್ಡೋ ದ್ರಾವಣದ ಕತೆನೂ ಸೇರಿಸಿ, ಮಲೆನಾಡಿನ ಓದುಗರು ಕೊನೆವರೆಗೂ ಓದ್ತಾರೆ.

ಇಂತಿ ನಿಮ್ಮ ಓದುಗ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲೂಕು